ಹುರಿ ಎಳೆಯುವವರ ಜಾಗ

ಕಾರಿಗೆ ಮುಂದಿನ ಗಾಜು ಕೂರಿಸುವುದು ಇಬ್ಬರ ಕೆಲಸ. ಒಬ್ಬರು ಕಾರಿನ ಒಳಗೆ, ಇನ್ನೊಬ್ಬರು ಹೊರಗೆ. ಒಬ್ಬನೇ ಮಾಡಿ ತೋರಿಸುತ್ತೇನೆ ಎಂದು ಮೀಸೆ ತಿರುವಿದವರೂ ಇದ್ದಾರೆ. ಆಮೇಲೆ ಅವರು ಬಗ್ಗಿಕೊಂಡು ಅಂಗಳ ಗುಡಿಸಿದ್ದನ್ನು ಬೀದಿಯವರೆಲ್ಲ ನೋಡಿದ್ದಾರೆ.

ಈಗಿನ ಕಾರುಗಳ ಮಾತು ಬಿಡಿ. ಅವಕ್ಕೆ ಅಂಟು ಬಳಿದು ಗಾಜು ಮೆತ್ತುತ್ತಾರೆ, ಮುಗಿಯಿತು. ಹಳೆಯ ಕಾರುಗಳದ್ದು ಹಾಗಲ್ಲ. ಗಾಜಿನ ಸುತ್ತ ಬೆರಳು ದಪ್ಪದ ರಬ್ಬರು ಇರುತ್ತದೆ. ರಬ್ಬರಿನ ಒಂದು ಸಂದಿನಲ್ಲಿ ಗಾಜು ಕೂತಿರುತ್ತದೆ, ಇನ್ನೊಂದು ಸಂದಿನಲ್ಲಿ ಕಾರಿನ ತಗಡಿನ ಅಂಚು ಬಂದು ಕೂರಬೇಕು. ಈ ಎರಡನೆಯ ಸಂದಿನೊಳಗೆ ಸುತ್ತಲೂ ಒಂದು ಹುರಿ ಹುದುಗಿಸಿ, ಹುರಿಯ ಎರಡು ತುದಿಗಳನ್ನು ಕೆಳಗೆ ನಡುಮಧ್ಯದಲ್ಲಿ ಇಳಿಬಿಟ್ಟು, ಗಾಜನ್ನು ಹೊರಗಿನಿಂದ ಕಾರಿಗೆ ಆನಿಸುತ್ತಾರೆ. ಒಳಗೆ ಕೂತವರು ಹುರಿ ಎಳೆಯುತ್ತ ಹೋದ ಹಾಗೆ ರಬ್ಬರಿನ ತುಟಿ ಎದ್ದು, ತಗಡಿನ ಅಂಚನ್ನು ದಾಟಿ, ಒಳಕ್ಕೆ ಮಗುಚಿಕೊಳ್ಳುತ್ತದೆ. ಹೊರಗೆ ನಿಂತವರು ಹುರಿ ಹೋದ ಕಡೆಗೆಲ್ಲ ಅಂಗೈಯಿಂದ ಗಾಜನ್ನು ಒತ್ತುತ್ತ ಹೋಗಬೇಕು. ಬಾಯಲ್ಲಿ ಹೇಳುವುದಾದರೆ ಇಷ್ಟೇ ಕೆಲಸ.

ಗಾಜಕ್ಕ ಮೂವತ್ತೊಂದು ವರ್ಷ ಹೊರಗೆ ನಿಂತು ಒತ್ತಿದವಳು. ಒಳಗೆ ಕೂತು ಹುರಿ ಎಳೆಯುತ್ತಿದ್ದವರು ಅವಳ ಗಂಡ. ಬೀದಿಗೆಲ್ಲ ಅವರು ಗಾಜಣ್ಣ, ಅದಕ್ಕೇ ಇವಳು ಗಾಜಕ್ಕ. ಅವಳಿಗೆ ಮಾತ್ರ ಅವರು ಬರೀ ‘ಅವರು’. ಅವರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು.

ಅಂಗಡಿ ಹೇಳಿಕೊಳ್ಳುವಂಥದ್ದೇನಲ್ಲ. ಉದ್ದನೆಯ ಒಂದು ಕೋಣೆ, ಬೀದಿಗೆ ಗಾಜಿನ ಬಾಗಿಲು, ಎದುರಿಗೆ ಒಂದು ಕಾರು ನಿಲ್ಲುವಷ್ಟು ಅಂಗಳ. ಗೋಡೆಗೆ ಒರಗಿಸಿದ ಗಾಜುಗಳು, ಮೊಳೆಗಳಿಗೆ ನೇತುಹಾಕಿದ ರಬ್ಬರ್ ಸುರುಳಿಗಳು, ಸೋಪಿನ ನೀರಿನ ಬಕೆಟ್ಟು. ಇನ್ನು ಒಂದು ಬೆಂಚು. ಆ ಬೆಂಚನ್ನು ಮಾಡಿದವನ ಕೈಗೆ ಏನಾಗಿತ್ತೋ ಏನೋ, ಅದರ ಕಾಲುಗಳು ನಡುವಿಗೆ ಸರಿದುಬಿಟ್ಟಿದ್ದವು. ಒಂದು ತುದಿಯಲ್ಲಿ ಒಬ್ಬರೇ ಕೂತರೆ ಇನ್ನೊಂದು ತುದಿ ಮೇಲಕ್ಕೆದ್ದು ಕೂತವರನ್ನು ನೆಲಕ್ಕೆ ಕೆಡವುತ್ತಿತ್ತು. ಮೂವತ್ತೊಂದು ವರ್ಷ ಅದರ ಎರಡು ತುದಿಗಳಲ್ಲಿ ಇಬ್ಬರೂ ಕೂತು ಊಟ ಮಾಡಿದ್ದರು. ಈಗ ನಡುವೆ ಕೂರುವುದನ್ನು ರೂಢಿ ಮಾಡಿಕೊಂಡಿದ್ದರೆ ಆಗುತ್ತಿತ್ತು. ಅವಳಿಗೆ ಅದಾಗಲಿಲ್ಲ. ಅವರ ತುದಿಗೆ ಒಂದು ತುಂಬಿದ ಬಣ್ಣದ ಡಬ್ಬ ತಂದಿಟ್ಟು, ತನ್ನ ತುದಿಯಲ್ಲೇ ಕೂತು ಡಬ್ಬದ ಜೊತೆ ಊಟ ಮಾಡುತ್ತಿದ್ದಳು. ಡಬ್ಬವೂ ಅವರಂತೆಯೇ ತುಟಿಪಿಟಕ್ ಎನ್ನುತ್ತಿರಲಿಲ್ಲ.

ಗಂಡನ ಮೇಲೆ ಅವಳಿಗೆ ಒಂದು ಸಿಟ್ಟಿತ್ತು. ಸತ್ತವರ ಮೇಲೆ ಸಿಟ್ಟಿಟ್ಟುಕೊಳ್ಳಬಾರದು ಎನ್ನುತ್ತಾರೆ. ಇಟ್ಟುಕೊಂಡವರಿಗೆ ಗೊತ್ತು ಅದು ಎಷ್ಟು ಕಷ್ಟ ಎಂದು, ಬೈದರೆ ತಿರುಗಿ ಬೈಯುವವರಿಲ್ಲ. ಅವರು ಅವಳ ಮುಖ ನೋಡಿ ಮಾತಾಡಿದವರೇ ಅಲ್ಲ. ಮಾತಾಡುವಾಗ ಅವರ ಕಣ್ಣು ಕೈಯಲ್ಲಿದ್ದ ಕೆಲಸದ ಮೇಲಿರುತ್ತಿತ್ತು, ಉಣ್ಣುವಾಗ ತಟ್ಟೆಯ ಮೇಲೆ, ನಡೆಯುವಾಗ ರಸ್ತೆಯ ಮೇಲೆ. ಅದನ್ನೆಲ್ಲ ಅವಳು ಹೊಟ್ಟೆಗೆ ಹಾಕಿಕೊಂಡಿದ್ದಳು. ಒಂದನ್ನು ಮಾತ್ರ ಆಗಿರಲಿಲ್ಲ.

ಮದುವೆಯಾದ ಒಂಬತ್ತನೆಯ ವರ್ಷ ಒಂದು ಮಗು ಹುಟ್ಟಿ, ಎರಡು ದಿನ ಇದ್ದು, ಹೋಯಿತು. ಹದಿನೈದು ದಿನ ಮನೆಯಲ್ಲಿ ಗೋಡೆ ನೋಡಿ ನೋಡಿ ಸಾಕಾಗಿ ಅವಳು ಅಂಗಡಿಗೆ ಬಂದಳು. ಅವತ್ತು ಬ್ರೆಡ್ ಸಾಗಿಸುವ ವ್ಯಾನೊಂದರ ಗಾಜು ಕೂರಿಸುವುದಿತ್ತು. ಹೊರಗೆ ನಿಂತು ಒತ್ತುತ್ತಿದ್ದ ಹಾಗೆಯೇ ಅವಳಿಗೆ ಅಳು ಒತ್ತರಿಸಿ ಬಂತು. ಗಾಜಿಗೆ ಮುಖವಿಟ್ಟು ಅತ್ತಳು. ನಡುವೆ ಗಾಜಿದೆ, ಯಾರಿಗೂ ಕಾಣುವುದಿಲ್ಲ ಎನ್ನುವುದೇ ಒಂದು ಸಮಾಧಾನವಾಗಿತ್ತು. ಆದರೆ ಅವತ್ತು ಅವರು ಹುರಿ ಎಳೆದದ್ದೇ ಎಳೆದದ್ದು. ಕಾಲು ಗಂಟೆಯ ಕೆಲಸಕ್ಕೆ ಒಂದು ಗಂಟೆಯ ಮೇಲೆ ಹಿಡಿಯಿತು. ಅಳು ಬತ್ತಿ, ಕೈ ಸೋತು, ಕೊನೆಗೆ ಅವಳೇ ರೇಗಿದ್ದಳು. "ಇನ್ನೂ ಎಷ್ಟು ಹೊತ್ತ್ರೀ? ಹೆಂಡತಿ ಈಗ ತಾನೇ ಹಾಸಿಗೆ ಬಿಟ್ಟು ಎದ್ದು ಬಂದಿದ್ದಾಳೆ ಅನ್ನೋ ಜ್ಞಾನ ಬೇಡ್ವಾ?" ಅವರು ವ್ಯಾನಿನಿಂದ ಇಳಿದು, "ರಬ್ಬರು ಗಟ್ಟಿ ಇತ್ತು" ಎಂದು ನೆಲಕ್ಕೆ ಹೇಳಿ ಕೈ ತೊಳೆಯಲು ಹೋಗಿದ್ದರು. ಒಂದೇ ಒಂದು ಸಲ ತಲೆಯೆತ್ತಿ ನನ್ನ ಮುಖ ನೋಡಲಿಲ್ಲವಲ್ಲ ಎಂದು ಅವಳು ಇಪ್ಪತ್ತೆರಡು ವರ್ಷದಿಂದ ಮನಸ್ಸಿನಲ್ಲೇ ಕುದಿಯುತ್ತಿದ್ದಳು.

ಹೋದ ಭಾನುವಾರ ಮೈದುನ ಬಂದಿದ್ದ. ಅವನು ಕೆಟ್ಟವನಲ್ಲ. ಆದರೆ ಮಾತು ಮೊಂಡು, ಹೋದಲ್ಲೆಲ್ಲ ತಾಗುತ್ತದೆ. ಬೆಂಚಿನ ತನಕ ಹೋಗಿ, ಡಬ್ಬ ನೋಡಿ, ಕೂರದೆ ನಿಂತೇ ಶುರುಮಾಡಿದ.

"ಅತ್ತಿಗೆ, ಇನ್ನೆಷ್ಟು ದಿನ ಹೀಗೆ ಗಾಜು ಒರೆಸ್ಕೊಂಡು ಕೂತಿರ್ತೀರಿ? ಮೊಬೈಲ್ ರಿಪೇರಿಯವನೊಬ್ಬ ಜಾಗ ಕೇಳ್ತಿದ್ದಾನೆ. ನಮ್ಮನೇಲಿ ಮೇಲಿನ ರೂಮು ಖಾಲಿ ಇದೆ, ಬಂದ್ಬಿಡಿ."

"ಕೆಲಸ ಇದೆಯಲ್ಲಪ್ಪ. ಹಲ್ಲಿನ ಡಾಕ್ಟರ ಕಾರು ಬುಧವಾರ ಬರುತ್ತೆ. ಶನಿವಾರ ಗಾಜು ಕೂರಿಸ್ಬೇಕು."

"ಯಾರು ಕೂರಿಸೋರು?"

"ನಾನು."

ಮೈದುನ ಅಣ್ಣನಂತೆಯೇ ನೆಲ ನೋಡಿದ. ಆ ಮನೆತನವೇ ಹಾಗೆ. "ಬೇಜಾರು ಮಾಡ್ಕೋಬೇಡಿ ಅತ್ತಿಗೆ. ನಿಮಗೆ ಬರೋದು ಅರ್ಧ ಕೆಲಸ. ಮಿಕ್ಕ ಅರ್ಧ ಅಣ್ಣನ ಜೊತೆ ಹೋಯ್ತು."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಸುಳ್ಳು ಹೇಳಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. "ಹಾಗಾದ್ರೆ ಕೇಳು," ಎಂದಳು. "ಶನಿವಾರ ಗಾಜು ಕೂತ್ರೆ ಅಂಗಡಿ ಹೀಗೇ ಇರುತ್ತೆ, ನಾನೂ ಇಲ್ಲೇ ಇರ್ತೀನಿ. ಕೂರ್ಲಿಲ್ಲ ಅಂದ್ರೆ ಭಾನುವಾರ ಬಾ. ಬೀಗದಕೈ ನಿನ್ನ ಕೈಗೇ ಕೊಡ್ತೀನಿ, ತುಟಿ ಎರಡು ಮಾಡಲ್ಲ."

ಹೇಳುವಾಗ ಏನೋ ಧೈರ್ಯವಿತ್ತು. ಅವನು ಹೋದ ಮೇಲೆ ಅಂಗಡಿ ಒಮ್ಮೆಲೇ ದೊಡ್ಡದಾದಂತೆ ಕಂಡು, ಇದ್ದ ಧೈರ್ಯವೂ ಸೋರಿಹೋಯಿತು. ಮೈದುನನ ಮನೆಯ ಮೇಲಿನ ರೂಮು ಅವಳು ನೋಡದ್ದೇನಲ್ಲ. ಕಿಟಕಿ ತೆರೆದರೆ ಪಕ್ಕದ ಗೋಡೆ. ಅಲ್ಲಿ ಕೂತು ಯಾರೋ ಊಟಕ್ಕೆ ಕರೆಯುವುದನ್ನು ಕಾಯುವುದು ಅವಳಿಗೆ ಬೇಡವಾಗಿತ್ತು.

ಹಲ್ಲಿನ ಡಾಕ್ಟರಿಗೆ ಎಪ್ಪತ್ತರ ಮೇಲೆ. ಕ್ಲಿನಿಕ್ಕು ಮುಚ್ಚಿ ವರ್ಷಗಳೇ ಆಗಿದ್ದವು. ಕಾರು ಅವರ ಅಪ್ಪನದು: ಕಡು ಹಸಿರು, ದುಂಡು ಬೆನ್ನು, ಎರಡು ದೊಡ್ಡ ದೀಪಗಳ ಪೆದ್ದು ಮುಖ. ರಬ್ಬರೆಲ್ಲ ಒಣಗಿ ಬಿರುಕುಬಿಟ್ಟು, ಮಳೆ ಬಂದರೆ ನೀರು ನೇರ ಡಾಕ್ಟರ ಮೊಣಕಾಲಿಗೇ ಇಳಿಯುತ್ತಿತ್ತು. ಗಾಜಿನ ಅಂಚು ಕಣ್ಣಿಗೆ ಪೊರೆ ಬಂದಂತೆ ಬೆಳ್ಳಗಾಗಿತ್ತು. ಹೊಸ ಗಾಜನ್ನೂ ರಬ್ಬರನ್ನೂ ಅವಳ ಗಂಡ ಬದುಕಿದ್ದಾಗಲೇ ಊರೂರಿಗೆ ಕಾಗದ ಬರೆದು ಹುಡುಕಿಸಿದ್ದರು. ಆ ಕಾರು ಮಾಡುವುದನ್ನು ನಿಲ್ಲಿಸಿ ನಲವತ್ತು ವರ್ಷವಾಗಿದೆ. ಯಾರದೋ ಗೋದಾಮಿನ ಮೂಲೆಯಲ್ಲಿ ಒಂದೇ ಒಂದು ಗಾಜು ಉಳಿದಿತ್ತು. ಅದು ಬಂದು ಬಾಗಿಲಿಗೆ ತಲುಪುವ ಹೊತ್ತಿಗೆ ತರಿಸಿದವರೇ ಇರಲಿಲ್ಲ. ಒಡೆದರೆ ಇನ್ನೊಂದು ಸಿಕ್ಕುವ ಮಾತೇ ಇಲ್ಲ.

ಗುರುವಾರ, ಶುಕ್ರವಾರ ಅವಳು ಒಬ್ಬಳೇ ಕೆಲಸ ಮಾಡಿದಳು. ನಾಲ್ಕೂ ಬಾಗಿಲುಗಳ ರಬ್ಬರು ಕಿತ್ತು, ಹಳೆಯ ಅಂಟನ್ನು ಕೆರೆದು, ಹೊಸದನ್ನು ಗೇಣು ಗೇಣಿಗೂ ಅದುಮಿ ಕೂರಿಸಿದಳು. ಮುಚ್ಚಿದರೆ ‘ಧಡ್’ ಎನ್ನುತ್ತಿದ್ದ ಬಾಗಿಲು ‘ದುಪ್’ ಎಂದಿತು. ಮುಂದಿನ ಗಾಜಿನ ಹಳೆಯ ರಬ್ಬರನ್ನು ಹೊರಗಿನಿಂದ ಚಾಕುವಿನಲ್ಲಿ ಸೀಳಿ, ಗಾಜನ್ನು ಎತ್ತಿ ಇಳಿಸಿದಳು. ತಗಡಿನ ಅಂಚಿನ ತುಕ್ಕು ಉಜ್ಜಿ ಬಣ್ಣ ಬಳಿದಳು. ಶನಿವಾರ ಬೆಳಿಗ್ಗೆ ಹೊಸ ರಬ್ಬರನ್ನು ಬಿಸಿನೀರಿನಲ್ಲಿ ನೆನೆಹಾಕಿ, ಅದು ಮೆತ್ತಗಾದ ಮೇಲೆ ಕಂಬಳಿ ಹಾಸಿದ ಮೇಜಿನ ಮೇಲೆ ಗಾಜಿಗೆ ತೊಡಿಸಿ, ಅವರು ಮಾಡುತ್ತಿದ್ದಂತೆಯೇ ಚಮಚದ ಹಿಡಿಯಿಂದ ಸಂದಿನಲ್ಲಿ ಹುರಿ ಹುದುಗಿಸಿದಳು. ಇಲ್ಲಿಯ ತನಕ ಎಲ್ಲ ಕೈಗೆ ಗೊತ್ತಿದ್ದದ್ದೇ.

ಹತ್ತು ಗಂಟೆಗೆ ಡಾಕ್ಟರು ಕೊಡೆ ಹಿಡಿದುಕೊಂಡು ಬಂದರು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ.

"ಡಾಕ್ಟ್ರೇ, ನಿಮ್ಮಿಂದ ಒಂದು ಉಪಕಾರ ಆಗ್ಬೇಕಿತ್ತಲ್ಲ."

"ಹೇಳಿಮ್ಮ. ಕಾರು ನಂದೇ ತಾನೇ."

"ಒಳಗೆ ಕೂತು ಹುರಿ ಎಳೀಬೇಕು."

"ಎಳೆಯೋದಾ? ನಲವತ್ತು ವರ್ಷ ಜನರ ಬಾಯೊಳಗೆ ಕೈ ಹಾಕಿ ಎಳೆದದ್ದೇ ಅಲ್ವೇ ನಾನು" ಎಂದು ಡಾಕ್ಟರು ಖುಷಿಯಿಂದ ತೋಳು ಮಡಚಿ ಕಾರಿನೊಳಗೆ ತೂರಿಕೊಂಡರು.

ತಪ್ಪು ಆದದ್ದು ಇಲ್ಲಿ. ಕಷ್ಟದ ಅರ್ಧವನ್ನು ತಂದು, ಹುರಿಯನ್ನು ಕಣ್ಣಿಂದಲೂ ನೋಡದ ಮನುಷ್ಯನ ಕೈಗೆ ಕೊಟ್ಟಳು. ಕಾಲುಗಳು ತಮ್ಮಷ್ಟಕ್ಕೆ ಹೊರಗೆ ಹೋಗಿ ನಿಂತಿದ್ದವು. ಒಳಗಿನದು ಗಂಡನ ಜಾಗ. ಒಂದೇ ಒಂದು ಸಲ, ಬಹಳ ಹಿಂದೆ, "ಇವತ್ತು ನಾನು ಎಳೀಲಾ?" ಎಂದು ಕೇಳಿದ್ದಳು. "ಬೇಡ, ನೀನು ಅಲ್ಲೇ ಇರು" ಎಂದಿದ್ದರು. ನಂಬಿಕೆ ಇಲ್ಲವೇನೋ ಎಂದುಕೊಂಡು ಅವಳು ಮತ್ತೆ ಆ ಮಾತೆತ್ತಿರಲಿಲ್ಲ.

ಒಳಗಿದ್ದವರ ಮಾತು ಹೊರಗೆ ಕೇಳುವುದಿಲ್ಲವಾದ್ದರಿಂದ ಗಂಡಹೆಂಡತಿ ಮೊದಲಿನಿಂದಲೂ ಗಾಜು ತಟ್ಟಿ ಮಾತಾಡಿಕೊಳ್ಳುತ್ತಿದ್ದರು. ಒಂದು ತಟ್ಟು ಎಂದರೆ ಒತ್ತು. ಎರಡು ಎಂದರೆ ನಿಲ್ಲು. ಮೂರು ಎಂದರೆ ಆಯಿತು. ಅದನ್ನು ಡಾಕ್ಟರಿಗೆ ಹೇಳಿಕೊಟ್ಟು, ಸೋಪಿನ ನೀರು ಸವರಿ, ಗಾಜನ್ನು ಎತ್ತಿ ಆನಿಸಿದಳು. ಒಂದು ತಟ್ಟು ಕೇಳಿಸಿತು. ಒತ್ತಿದಳು. ಡಾಕ್ಟರು ಹುರಿಯನ್ನು ದವಡೆ ಹಲ್ಲು ಕೀಳುವಂತೆ ತಮ್ಮ ಎದೆಗೆ ನೇರವಾಗಿ ಒಂದೇ ಬಾರಿ ಜಗ್ಗಿದರು. ಹುರಿ ಅರ್ಧ ಮೊಳ ಸರ್ರನೆ ಬಂತು, ರಬ್ಬರು ಬರಲಿಲ್ಲ, ಕೆಳಗಿನ ಮೂಲೆಯಲ್ಲಿ ಗಾಜು ‘ಟಿಕ್’ ಎಂದಿತು.

ಗಾಜಕ್ಕ ಪಟಪಟನೆ ಎರಡು ಸಲ ತಟ್ಟಿದಳು.

ಗಾಜನ್ನು ಇಳಿಸಿ ಕಂಬಳಿಯ ಮೇಲೆ ಮಲಗಿಸಿ, ಉಗುರಿನಿಂದ ಅಂಚು ಅಂಚು ತಡವಿದಳು. ಗಾಜಿಗೆ ಏನೂ ಆಗಿರಲಿಲ್ಲ. ರಬ್ಬರಿನ ತುಟಿಯಲ್ಲಿ ಮಾತ್ರ ಒಂದು ಉಗುರಿನಷ್ಟು ಸೀಳು. ಅದಕ್ಕೆ ಒಂದು ಚೂರು ಅಂಟು ತುಂಬಿದರೆ ನಡೆಯುತ್ತದೆ. ಇನ್ನೊಮ್ಮೆ ಹೀಗಾದರೆ ರಬ್ಬರೂ ಇಲ್ಲ, ಗಾಜೂ ಇಲ್ಲ, ಅಂಗಡಿಯೂ ಇಲ್ಲ.

ಡಾಕ್ಟರ ಮುಖ ಸಪ್ಪಗಾಗಿತ್ತು. ಅಂಟು ಒಣಗುವ ತನಕ ಕೂರೋಣವೆಂದು ಬೆಂಚಿನ ಹತ್ತಿರ ಹೋದರು. "ಈ ಡಬ್ಬ ಆ ಕಡೆ ಇಡ್ಲಾ?"

"ಬೇಡ. ಅದು ಅಲ್ಲೇ ಇರ್ಲಿ."

ಅವರು ಡಬ್ಬವನ್ನು ನೋಡಿದರು, ಅವಳನ್ನು ನೋಡಿದರು. ಇಬ್ಬರೂ ನಿಂತೇ ಫ್ಲಾಸ್ಕಿನ ಟೀ ಕುಡಿದರು. ಲೋಟ ಕೆಳಗಿಟ್ಟು ಡಾಕ್ಟರು ಹೇಳಿದರು: "ನೀವೇ ಒಳಗೆ ಕೂತ್ಕೊಳ್ಳಿಮ್ಮ. ಹೊರಗೆ ನಾನು ಒತ್ತುತೀನಿ. ಒತ್ತೋದ್ರಲ್ಲಿ ಅಷ್ಟು ಅನಾಹುತ ಮಾಡೋಕಾಗಲ್ಲ ನಂಗೆ."

"ಅದು ಅವರ ಜಾಗ ಡಾಕ್ಟ್ರೇ. ನಾನು ಯಾವತ್ತೂ ಕೂತಿಲ್ಲ."

"ನಮ್ಮನೇಲೂ ಒಂದು ಕುರ್ಚಿ ಇದೆ" ಎಂದರು ಡಾಕ್ಟರು. "ಆರು ವರ್ಷ ಆಯ್ತು. ಬೆಕ್ಕು ಕೂರುತ್ತೆ, ನಾನು ಕೂರಲ್ಲ. ಬೆಕ್ಕಿಗೆ ಇರೋ ಬುದ್ಧಿ ನನಗೆ ಬಂದಿಲ್ಲ ನೋಡಿ."

ಅವಳು ನಗಬೇಕೆಂದಿದ್ದಳು, ಆಗಲಿಲ್ಲ. ಟೀ ಲೋಟ ತೊಳೆದಿಟ್ಟು, ಮೊಳೆಯಲ್ಲಿದ್ದ ಗಂಡನ ನೀಲಿ ಕೋಟು ತೆಗೆದು ತೊಟ್ಟುಕೊಂಡಳು. ಚಳಿಯೇನಿರಲಿಲ್ಲ. ತೋಳು ಉದ್ದವಾಯಿತೆಂದು ಎರಡು ಮಡಿಕೆ ಮಡಚಿದಳು. ಡಾಕ್ಟರಿಗೆ ಒತ್ತುವುದನ್ನು ಹೇಳಿಕೊಟ್ಟಳು: ಬೆರಳಲ್ಲ, ಅಂಗೈ, ಗುದ್ದುವುದಲ್ಲ, ಮಗುವಿನ ಬೆನ್ನು ತಟ್ಟಿದ ಹಾಗೆ, ಹುರಿ ಎಲ್ಲಿದೆಯೋ ಅಲ್ಲಿ, ಒಂದು ಗೇಣು ಆಚೆಯೂ ಅಲ್ಲ, ಈಚೆಯೂ ಅಲ್ಲ.

ಹುರಿಯನ್ನು ಮತ್ತೆ ಹುದುಗಿಸಿ, ಇಬ್ಬರೂ ಸೇರಿ ಗಾಜನ್ನು ಆನಿಸಿದರು. ಡಾಕ್ಟರು ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತ ಮೇಲೆ, ಅವಳು ಬಾಗಿಲು ತೆರೆದು ಒಳಗೆ ಕೂತಳು. ಬಾಗಿಲು ‘ದುಪ್’ ಎಂದು ಮುಚ್ಚಿತು, ಬೀದಿಯ ಸದ್ದು ನಿಂತುಹೋಯಿತು. ಇಷ್ಟೊಂದು ನಿಶ್ಶಬ್ದ ಇರುತ್ತದೆ ಎಂದು ಅವರು ಹೇಳಿರಲೇ ಇಲ್ಲ. ಹೇಳುವ ಜನವೂ ಅಲ್ಲ. ಹಳೆಯ ಸೀಟಿನ ವಾಸನೆ, ಸೋಪಿನ ವಾಸನೆ, ಕೋಟಿನ ವಾಸನೆ ಎಲ್ಲ ಒಂದರೊಳಗೊಂದು ಸೇರಿಕೊಂಡಿದ್ದವು.

ಹುರಿಯ ಒಂದು ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಒಂದು ಸಲ ತಟ್ಟಿ, ಎಳೆದಳು. ಬರಲಿಲ್ಲ. ಬಗ್ಗಿ ನೋಡಿದಳು. ಏನು ಕಾಣುತ್ತದೆ? ರಬ್ಬರಿನ ತುಟಿ ಇರುವುದು ತಗಡಿನ ಹಿಂದೆ, ಡ್ಯಾಶ್‌ಬೋರ್ಡಿನ ಕೆಳಗೆ, ಕತ್ತಲಲ್ಲಿ. ಬಗ್ಗಿದಷ್ಟೂ ಕೈ ಸೊಟ್ಟಗಾಗಿ ಹುರಿ ಎದೆಯ ಕಡೆಗೇ ಬರುತ್ತಿತ್ತು, ಡಾಕ್ಟರು ಜಗ್ಗಿದ ಹಾಗೆಯೇ. ಎರಡು ಸಲ ತಟ್ಟಿ ನಿಲ್ಲಿಸಿದಳು. ಬೆವರು ಕಿತ್ತುಕೊಂಡು ಬಂತು. ಅರ್ಧ ಕೆಲಸ, ಅರ್ಧ ಕೆಲಸ ಎಂದು ಮೈದುನ ಕಿವಿಯಲ್ಲಿ ಕೂತು ಹೇಳುತ್ತಿದ್ದ.

ಅವರ ಕೈ ಹೇಗಿರುತ್ತಿತ್ತು? ನೆನಪು ಮಾಡಿಕೊಳ್ಳಲು ನೋಡಿದಳು. ಕೆಲಸ ಮುಗಿಸಿ ಇಳಿದಾಗ ಅವರ ಬೆರಳಿನಲ್ಲಿ ಹುರಿಯ ಗೆರೆ ಇರುತ್ತಿತ್ತು. ಯಾವಾಗಲೂ ಬಲಗೈಯ ತೋರುಬೆರಳಿನ ಹೊರಬದಿಯಲ್ಲಿ. ಎದೆಯ ಕಡೆಗೆ ಎಳೆದರೆ ಗೆರೆ ಅಲ್ಲಿ ಬೀಳುವುದಿಲ್ಲ. ಗಾಜಿಗೆ ಸಮನಾಗಿ, ಗಾಜಿನ ನಡುವಿಗೆ ಎಳೆದರೆ ಮಾತ್ರ ಅಲ್ಲಿ ಬೀಳುತ್ತದೆ. ಎಷ್ಟು ಸಂಜೆ ಆ ಬೆರಳಿಗೆ ಅವಳೇ ಎಣ್ಣೆ ಹಚ್ಚಿರಲಿಲ್ಲ!

ಬೆನ್ನು ನೆಟ್ಟಗೆ ಮಾಡಿ ಸೀಟಿಗೆ ಒರಗಿದಳು. ಹುರಿಯನ್ನು ಗಾಜಿನ ನಡುವಿಗೆ ತಿರುಗಿಸಿ, ಒಂದು ಸಲ ತಟ್ಟಿ, ಮೆಲ್ಲಗೆ ಎಳೆದಳು. ಬೆರಳಿನ ತುದಿಗೆ ರಬ್ಬರು ಒಮ್ಮೆ ಬಿಗಿಯಿತು, ಆಮೇಲೆ ಸಡಿಲಿತು, ‘ಪುಳಕ್’ ಎಂದು ಅಂಚು ದಾಟಿತು. ಒಂದು ಗೇಣು ಬಂತು. ಮತ್ತೊಂದು ಗೇಣು ಬಂತು. ಇದಕ್ಕೆ ಕಣ್ಣೇ ಬೇಕಾಗಿರಲಿಲ್ಲ, ಎಲ್ಲ ಬೆರಳಿಗೇ ತಿಳಿಯುತ್ತಿತ್ತು. ಕೈ ಕೆಲಸದಲ್ಲಿತ್ತು, ಕಣ್ಣಿಗೆ ಕೆಲಸವಿರಲಿಲ್ಲ. ಕೆಲಸವಿಲ್ಲದ ಕಣ್ಣು ತಾನಾಗಿ ಮೇಲೆದ್ದು, ಎದುರಿಗೆ ಹೋಯಿತು.

ಎದುರಿಗೆ ಡಾಕ್ಟರ ಮುಖವಿತ್ತು. ಒಂದು ಮೊಳ ದೂರದಲ್ಲಿ, ಬೆಳಕಿನಲ್ಲಿ, ದೊಡ್ಡದಾಗಿ. ನಾಲಿಗೆಯ ತುದಿ ಹಲ್ಲಿನ ನಡುವೆ ಕಚ್ಚಿಕೊಂಡಿದ್ದರು. ಹುಬ್ಬಿನಲ್ಲಿದ್ದ ಒಂದು ಉದ್ದನೆಯ ಬಿಳಿ ಕೂದಲು, ಕೆನ್ನೆಯಲ್ಲಿ ಕ್ಷೌರ ತಪ್ಪಿದ ಜಾಗ, ಕಣ್ಣಿನ ಕೆಳಗೆ ನಿದ್ದೆಯಿಲ್ಲದ ಕಪ್ಪು, ಎಲ್ಲ ಕಾಣುತ್ತಿತ್ತು. ಅವಳು ಅವರ ಕಣ್ಣಿಗೆ ಕಣ್ಣಿಟ್ಟು ನೋಡುತ್ತಿದ್ದರೂ ಅವರಿಗೆ ಗೊತ್ತಾಗಲಿಲ್ಲ. ಗೊತ್ತಾಗುವುದು ಹೇಗೆ? ಹೊರಗಿನವರಿಗೆ ಗಾಜಿನಲ್ಲಿ ಕಾಣುವುದು ಆಕಾಶ, ತಮ್ಮದೇ ಗಲ್ಲ, ಒಳಗೊಂದು ಕಪ್ಪು ನೆರಳು ಅಷ್ಟೆ. ಮೂವತ್ತೊಂದು ವರ್ಷ ಹೊರಗೆ ನಿಂತವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕೈ ಗಕ್ಕನೆ ನಿಂತಿತು.

ಹೊರಗಿನ ಕೆಲಸದಲ್ಲಿ ಕಣ್ಣು ಕೈಯ ಜೊತೆಗೇ ಇರಬೇಕು. ಒಳಗೂ ಹಾಗೆಯೇ ಎಂದುಕೊಂಡಿದ್ದಳು. ಗಂಡ ಹುರಿ ನೋಡುತ್ತಿದ್ದಾರೆ, ರಬ್ಬರು ನೋಡುತ್ತಿದ್ದಾರೆ ಎಂದುಕೊಂಡು, ಬಿಸಿಲಿಗೆ ಬೈದಿದ್ದಳು, ಅವರಿಗೂ ಬೈದಿದ್ದಳು, ಸಿಟ್ಟು ಬಂದಾಗ ಗಾಜಿಗೆ ನಾಲಿಗೆ ಚಾಚಿ ಅಣಕಿಸಿದ್ದೂ ಉಂಟು. ಸಂಜೆ ಅವರು ತಟ್ಟೆ ನೋಡುತ್ತ, "ಇವತ್ತು ಬಲಗಡೆ ಮೂಲೆಗೆ ಬಂದಾಗ ಯಾಕೆ ಅಷ್ಟು ಸಿಡುಕು?" ಎಂದು ಕೇಳುತ್ತಿದ್ದರು. ನಿಮಗೆ ಹೇಗೆ ಗೊತ್ತಾಯಿತು ಎಂದರೆ, "ಒತ್ತುವ ಕೈ ಹೇಳುತ್ತೆ" ಎನ್ನುತ್ತಿದ್ದರು. ಕೈ ಹೇಳುತ್ತೆ ಅಂತೆ, ಮಹಾನುಭಾವ.

ಬ್ರೆಡ್ಡಿನ ವ್ಯಾನಿನ ದಿನ ಅವರು ಇಲ್ಲಿ ಕೂತಿದ್ದರು. ಅವಳು ಅಲ್ಲಿ, ಒಂದು ಮೊಳ ದೂರದಲ್ಲಿ, ಬೆಳಕಿನಲ್ಲಿ ಗಾಜಿಗೆ ಮುಖವಿಟ್ಟು ಅಳುತ್ತಿದ್ದಳು. ರಬ್ಬರು ಗಟ್ಟಿ ಇರಲಿಲ್ಲ. ಆ ರಬ್ಬರನ್ನು ಅವತ್ತು ಬೆಳಿಗ್ಗೆ ಅವಳೇ ನೆನೆಹಾಕಿ ಬೆಣ್ಣೆಯಂತೆ ಮೆತ್ತಗೆ ಮಾಡಿದ್ದಳು, ಅದೊಂದು ಅವಳಿಗೆ ಇಷ್ಟು ವರ್ಷ ಹೊಳೆದಿರಲೇ ಇಲ್ಲ. ಅವಳ ಅಳು ಮುಗಿಯುವ ತನಕ ಅವರು ಹುರಿಯನ್ನು ಮುಗಿಸಿರಲಿಲ್ಲ, ಅಷ್ಟೆ. ಅವರೂ ಅಳುತ್ತಿದ್ದರೋ ಏನೋ. ಹೊರಗಿನಿಂದ ಅದೂ ಕಾಣುತ್ತಿರಲಿಲ್ಲ.

ಗಾಜಕ್ಕನಿಗೆ ಅಳು ಬಂತು. ತಡೆಯಲು ಹೋಗಲಿಲ್ಲ. ಇಪ್ಪತ್ತೆರಡು ವರ್ಷ ಕಾದಿಟ್ಟುಕೊಂಡಿದ್ದ ಸಿಟ್ಟು ಕಾಲ ಕೆಳಗಿನ ಮಣ್ಣಿನಂತೆ ಕುಸಿದುಹೋಗಿ, ನಿಲ್ಲುವುದಕ್ಕೆ ಜಾಗವಿಲ್ಲದಂತಾಯಿತು. ಒಂದು ಮಾತು ಹೇಳಬಾರದಿತ್ತೇ? ನೋಡಿದೆ ಕಣೆ ಎಂದು ಒಂದೇ ಒಂದು ಮಾತು? ಈಗ ಅವಳಿಗೆ ಗೊತ್ತಾಯಿತು, ಸರಿ. ಗೊತ್ತಾಯಿತು ಎಂದು ಯಾರಿಗೆ ಹೇಳುವುದು? ಹೇಳಬೇಕಾದವರು ಇಲ್ಲ, ಇನ್ನು ಮುಂದೆ ಅವಳ ಮುಖವನ್ನು ಹಾಗೆ ನೋಡುವವರೂ ಇಲ್ಲ. ಅವರು ಹೋದ ದಿನಕ್ಕಿಂತ ಈಗ ಹೆಚ್ಚು ಒಂಟಿ ಅನ್ನಿಸಿತು.

ಹೊರಗೆ ಡಾಕ್ಟರು ಗೊಂದಲದಿಂದ ಅತ್ತಿತ್ತ ನೋಡಿ, ಒಂದು ಸಲ ಮೆಲ್ಲಗೆ ತಟ್ಟಿದರು. ಒತ್ತಲೇ ಎಂದು ಕೇಳುತ್ತಿದ್ದರು ಪಾಪ.

ಅವಳು ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡು, ಒಂದು ಸಲ ತಟ್ಟಿ, ಮತ್ತೆ ಎಳೆದಳು. ಕೆಳಗಿನ ಮೂಲೆ ದಾಟಿತು. ಪಕ್ಕದ ಅಂಚು ಹತ್ತಿತು. ಅಂಟು ತುಂಬಿದ ಸೀಳಿನ ಹತ್ತಿರ ಉಸಿರು ಬಿಗಿಹಿಡಿದಳು, ಅದೂ ದಾಟಿತು. ಮೇಲಿನ ಮೂಲೆಯಲ್ಲಿ ರಬ್ಬರು ಸ್ವಲ್ಪ ಹಟ ಮಾಡಿತು. ಡಾಕ್ಟರು ಅಂಗೈ ಇಟ್ಟಲ್ಲಿ ಇಡದೆ ಓಡಾಡುತ್ತಿದ್ದುದರಿಂದ ಅವಳು ಒಳಗಿನಿಂದ ಬೆರಳಿಟ್ಟು ತೋರಿಸಬೇಕಾಯಿತು, ಅದು ಅವರಿಗೆ ಕಾಣುವುದಿಲ್ಲವೆಂದು ನೆನಪಾಗಿ ಅಲ್ಲಿಯೇ ತಟ್ಟಿದಳು. ಮೇಲಿನ ಅಂಚಿನ ನಡುವಿಗೆ ಬಂದ ಮೇಲೆ ಆ ತುದಿ ಬಿಟ್ಟು, ಕೆಳಗಿನಿಂದ ಹುರಿಯ ಇನ್ನೊಂದು ತುದಿ ಹಿಡಿದು ಆಚೆಯ ಬದಿಯನ್ನೂ ಅಲ್ಲಿಯ ತನಕ ತಂದಳು. ಅಳು ತನ್ನ ಪಾಡಿಗೆ ಇತ್ತು, ಹುರಿ ತನ್ನ ಪಾಡಿಗೆ ಬರುತ್ತಿತ್ತು. ಕೊನೆಯ ಗೇಣು ಬಂದು ಹುರಿ ಇಡಿಯಾಗಿ ಮಡಿಲಿಗೆ ಬಿದ್ದಾಗ, ಮೂರು ಸಲ ತಟ್ಟಿದಳು.

ಡಾಕ್ಟರು ಪೈಪು ಹಿಡಿದು ಗಾಜಿನ ಮೇಲೆ ನೀರು ಬಿಟ್ಟರು. ಅವಳು ಒಳಗೇ ಕೂತು, ಟಾರ್ಚು ಹಿಡಿದು ಅಂಚು ಅಂಚು ನೋಡಿದಳು. ನೀರಿನಾಚೆ ಡಾಕ್ಟರು ಕಲಸಿದ ಬಣ್ಣದಂತೆ ಓಡಾಡುತ್ತಿದ್ದರು. ಸೀಳಿದ್ದ ಜಾಗವೂ ಒಣಗಿಯೇ ಇತ್ತು. ಕೆಳಗಿಳಿದು ಬಂದಾಗ ಡಾಕ್ಟರು ಅವಳ ಮುಖ ನೋಡಿ ಗಾಬರಿಯಾದರು.

"ಎಲ್ಲಿಂದ ಬಂತಮ್ಮ ನೀರು?"

"ಎಲ್ಲೂ ಬಂದಿಲ್ಲ ಡಾಕ್ಟ್ರೇ. ಗಟ್ಟಿಯಾಗಿ ಕೂತಿದೆ."

ಡಾಕ್ಟರು ಹೋಗುವಾಗ ಕೊಡೆಯನ್ನು ಮರೆತು ಹೋದರು.

ಮಾರನೆಯ ದಿನ ಭಾನುವಾರ. ಗಾಜಕ್ಕ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು, ದೀಪ ಹಾಕದೆ, ತನ್ನ ತುದಿಯಲ್ಲಿ ಕೂತು ಹುರಿಯನ್ನು ಉಂಡೆ ಸುತ್ತುತ್ತಿದ್ದಳು. ಮಧ್ಯಾಹ್ನದ ಬಿಸಿಲಲ್ಲಿ ಮೈದುನ ಬೀದಿ ದಾಟಿ ಬರುವುದು ಕಾಣಿಸಿತು. ಏನು ಹೇಳಬೇಕೆಂದು ರಾತ್ರಿಯೇ ಯೋಚಿಸಿಟ್ಟುಕೊಂಡಿದ್ದಳು. ಗಾಜು ಕೂತಿದೆ, ಬೀಗದಕೈ ಕೊಡಲ್ಲ, ಅರ್ಧ ಕೆಲಸ ಅಂದೆಯಲ್ಲ, ಬಾ ನೋಡು. ನಾಲಿಗೆಯ ತುದಿಯಲ್ಲೇ ಇತ್ತು.

ಮೈದುನ ಬಾಗಿಲ ತನಕ ಬಂದವನು ತಟ್ಟಲಿಲ್ಲ. ಗಾಜಿನ ಬಾಗಿಲಿನ ಮುಂದೆ ನಿಂತ. ಒಳಗೆ ಕತ್ತಲು, ಹೊರಗೆ ಬೆಳಕು. ಅವನಿಗೆ ಕಂಡದ್ದು ಅವನದೇ ಮುಖವಿರಬೇಕು. ತಲೆ ಕೂದಲು ಸರಿಮಾಡಿಕೊಂಡ. ಆಮೇಲೆ ಕತ್ತೆತ್ತಿ ಅಣ್ಣ ಕೈಯಾರೆ ಬರೆದಿದ್ದ ಬೋರ್ಡನ್ನು ನೋಡಿದ. ನೋಡುತ್ತಲೇ ಇದ್ದ. ಅವನ ಮೂಗಿನ ತುದಿ ಕೆಂಪಾಯಿತು, ಗಲ್ಲ ಅದುರಿತು, ಬಾಯಿ ಚಿಕ್ಕ ಮಗುವಿನಂತೆ ಸೊಟ್ಟಗಾಯಿತು. ಹಣೆಯನ್ನು ಬಾಗಿಲ ಗಾಜಿಗೆ ಒತ್ತಿಹಿಡಿದು ಕಣ್ಣು ಮುಚ್ಚಿದ. ನಾಲ್ಕು ತಿಂಗಳಲ್ಲಿ ಈ ಮನುಷ್ಯ ಒಂದು ಹನಿ ಹಾಕಿದ್ದನ್ನು ಅವಳು ನೋಡಿರಲಿಲ್ಲ. ಕಲ್ಲು ಎಂದುಕೊಂಡಿದ್ದಳು.

ಸ್ವಲ್ಪ ಹೊತ್ತಿಗೆ ಅವನು ಅಂಗೈಯಿಂದ ಮುಖ ಒರೆಸಿಕೊಂಡು, ಗಾಜಿನಲ್ಲಿ ನೋಡಿಕೊಂಡು, ವ್ಯವಹಾರದ ಮುಖ ಮಾಡಿಕೊಳ್ಳಲು ಹೊರಟ. ಅದು ಬೇಗ ಆಗಲಿಲ್ಲ. ಮಾಡಿಕೊಂಡದ್ದು ಮತ್ತೆ ಮತ್ತೆ ಕೆಡುತ್ತಿತ್ತು. ಕಡೆಗೆ ಆಗದೆಯೇ ಬಾಗಿಲು ತಟ್ಟಿದ.

"ಯಾರು?" ಎಂದಳು ಗಾಜಕ್ಕ, ಕೂತಲ್ಲಿಂದಲೇ.

"ನಾನು ಅತ್ತಿಗೆ." ದನಿ ಒಡೆದಿತ್ತು.

"ಇರಪ್ಪ, ಬಂದೆ. ಕೈ ಸೋಪಾಗಿದೆ."

ಕೈ ಸೋಪಾಗಿರಲಿಲ್ಲ. ಅವಳು ಎದ್ದು, ಹುರಿಯ ಉಂಡೆಯನ್ನು ಮೊಳೆಗೆ ಹಾಕಿದಳು. ಬೆಂಚಿನ ಆ ತುದಿಯಿಂದ ಬಣ್ಣದ ಡಬ್ಬವನ್ನು ಎತ್ತಿ ಹಿಂದಿನ ಮೂಲೆಗೆ ಇಟ್ಟು ಬಂದಳು. ಡಬ್ಬವಿದ್ದ ಜಾಗದಲ್ಲಿ ದುಂಡಗೆ ಧೂಳಿನ ಗೆರೆಯಿತ್ತು. ಬಟ್ಟೆ ಒದ್ದೆ ಮಾಡಿ ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿದಳು. ನಲ್ಲಿ ಬಿಟ್ಟು, ಕೊಳೆಯಿಲ್ಲದ ಕೈಯನ್ನು ಬೆರಳು ಬೆರಳಾಗಿ ತೊಳೆದಳು. ಬಾಗಿಲ ಕಡೆ ಒಮ್ಮೆ ನೋಡಿದಳು. ಅವನು ಇನ್ನೂ ಮೂಗೊರೆಸಿಕೊಳ್ಳುತ್ತಿದ್ದ. ಹಾಗಾಗಿ ಕೈಯನ್ನು ಇನ್ನೊಂದು ಸಲ ತೊಳೆದಳು.

ಅವನ ಮುಖ ಸರಿಯಾದ ಮೇಲೆ ಹೋಗಿ ಚಿಲಕ ತೆಗೆದಳು.

"ಎಷ್ಟು ಹೊತ್ತು ಅತ್ತಿಗೆ" ಎಂದ ಮೈದುನ, ನೆಲ ನೋಡುತ್ತ.

"ಚಿಲಕ ಗಟ್ಟಿ ಇತ್ತು" ಎಂದಳು ಗಾಜಕ್ಕ. "ಬಾ, ಕೂತ್ಕೋ. ಗಾಜು ಕೂತಿದೆ."